ಮೊದಲ ಕುಡಗೋಲು

ನಮ್ಮೂರು ಮೊರಬ, ನವಲಗುಂದ ತಾಲೂಕಿನ ಎರೆನೆಲ. ಅಡವಿ ನಮಗೆ ದೂರ. ಹೊಲದ ಬದುವಿನ ಜಾಲಿಯೇ ನಮ್ಮ ಅಡವಿ. ಆದರೂ ಜೋಳ ಕೊಯ್ಯಲು, ಮುಳ್ಳು ಸವರಲು ಕುಡಗೋಲು ಬೇಕೇ ಬೇಕು. ಅದನ್ನು ಆರಿಸುವುದೂ ಒಂದು ವಿದ್ಯೆಯೆಂಬುದನ್ನು ನಾನು ಎಡಗೈ ಬೆರಳಿನ ಗಾಯದಿಂದ ಕಲಿತೆನು.

ಸಂತೆಯಲ್ಲಿ ಥಳಥಳಿಸುವುದೊಂದನ್ನು ಕೊಂಡು ತಂದಿದ್ದೆ. ಎರಡನೆಯ ದಿನವೇ ಅಲಗು ಮೊಂಡಾಯಿತು. ಬಲಹಾಕಿ ಎಳೆದಾಗ ಅದು ದಂಟಿನಿಂದ ಜಾರಿ ಬೆರಳಿಗೆ ತಗುಲಿತು. ಅಜ್ಜನು ಗಾಯ ಕಟ್ಟುತ್ತ, “ತಮ್ಮಾ, ಹೊಳಪು ನೋಡಿ ತಂದಿ, ಹದಾ ನೋಡಲಿಲ್ಲ” ಎಂದನು.

ಮರುದಿನ ನನ್ನನ್ನು ಕಂಬಾರರ ಕುಲುಮೆಗೆ ಕರೆದೊಯ್ದನು. ಹದದ ಅರ್ಥ ನನಗೆ ಅಲ್ಲಿ ತಿಳಿಯಿತು. ಕಾಯ್ದು ಕೆಂಪಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಗಡಸಾಗುತ್ತದೆ. ಆದರೆ ಬರಿಯ ಗಡಸು ಅಲಗು ಚಕ್ಕೆಯೇಳುತ್ತದೆ. ಆದುದರಿಂದ ಒಣಹುಲ್ಲಿನ ಬಣ್ಣ ಮೂಡುವವರೆಗೆ ಅದನ್ನು ಮತ್ತೆ ಸಣ್ಣ ಕಾವಿಗೆ ಹಿಡಿಯುತ್ತಾರೆ. ಮೆದು ಕಬ್ಬಿಣದಲ್ಲಿ ಇಂಗಾಲ ತೀರ ಕಡಿಮೆ. ಅದಕ್ಕೆ ಈ ಹದ ಬಾರದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟಿರುವುದರಿಂದ ಕಂಬಾರರು ಅದನ್ನು ಮೆಚ್ಚುತ್ತಾರೆ.

ಹೊಸಬರು ನೋಡಬೇಕಾದುದು ಇಷ್ಟು: ಅಲಗಿನ ಮೇಲೆ ಅರ ಆಡಿಸಿದಾಗ ಆಳವಾಗಿ ಕಚ್ಚಿದರೆ ಅದು ಮೆದು, ಬೇಡ. ಹಿಡಿ ಅಲುಗಾಡಕೂಡದು, ಮುಷ್ಟಿ ತುಂಬಬೇಕು, ಜಾಲಿಯ ಕಟ್ಟಿಗೆಯದಾದರೆ ಲೇಸು. ಕೆಲಸಕ್ಕೆ ಮುನ್ನ ಮಸೆಯಬೇಕು. ಮುಳ್ಳು ಸವರುವಾಗ ಮಾರುದೂರದಲ್ಲಿ ಯಾರೂ ನಿಲ್ಲಬಾರದು. ಏಟು ತಪ್ಪಿದರೂ ಅಲಗು ಕಾಲಿನತ್ತ ಬರಬಾರದು. ಕೊನೆಗೆ ಒರಸಿ ಎಣ್ಣೆ ಸವರಿಡಬೇಕು.

ಮೊಂಡ ಅಲಗಿಗಿಂತ ಹರಿತವಾದುದೇ ಸುರಕ್ಷಿತ. ಇದು ವಿಚಿತ್ರವೆನಿಸಿದರೆ, ಗೆಳೆಯರೇ, ನನ್ನ ಬೆರಳನ್ನು ನೋಡಿರಿ.