ತೊಟ್ಟು ಕತ್ತರಿಸುವ ಗಳಿಗೆ: ಬೆರೆತ ಭಾವಗಳನ್ನು ಕಲಿಸುವ ಒಂದು ಪಾಠ

ತರಗತಿ: 8 ವಿಷಯ: ಕನ್ನಡ (ಮಾತು ಮತ್ತು ಬರವಣಿಗೆ) ಅವಧಿ: 40 ನಿಮಿಷ

‘ಆಗ ಅವನಿಗೆ ಏನನಿಸಿತು?’ ಎಂದು ಕೇಳಿದರೆ ಮಕ್ಕಳಿಂದ ಸಾಮಾನ್ಯವಾಗಿ ಒಂದೇ ಪದದ ಉತ್ತರ ಬರುತ್ತದೆ: ಸಂತೋಷ, ಇಲ್ಲವೇ ದುಃಖ. ಪ್ರಶಿಕ್ಷಣಾರ್ಥಿಯೂ ‘ಸರಿ, ಕುಳಿತುಕೋ’ ಎಂದು ಮುಂದೆ ಸಾಗುತ್ತಾರೆ. ಬದುಕಿನಲ್ಲಿ ಭಾವಗಳು ಒಂಟಿಯಾಗಿ ಬರುವುದು ಅಪರೂಪ. ಬೆರೆತು ಬಂದ ಭಾವಗಳನ್ನು ಬಿಡಿಸಿ ಹೇಳುವ ಅಭ್ಯಾಸಕ್ಕೆ ಸ್ಪರ್ಧೆಯ ದೈತ್ಯ ಕುಂಬಳಕಾಯಿಯ ಕೊಯ್ಲು ಒಳ್ಳೆಯ ಸಂದರ್ಭ.

ಕಲಿಕಾ ಫಲಗಳು

ವಿದ್ಯಾರ್ಥಿಯು
1. ಒಂದೇ ಸನ್ನಿವೇಶದಲ್ಲಿ ಕನಿಷ್ಠ ಎರಡು ಭಾವಗಳನ್ನು ಗುರುತಿಸುತ್ತಾನೆ/ಳೆ.
2. ಪ್ರತಿ ಭಾವಕ್ಕೂ ಸನ್ನಿವೇಶದಿಂದಲೇ ಕಾರಣ ಕೊಡುತ್ತಾನೆ/ಳೆ.
3. ಭಾವದ ಹೆಸರು ಹೇಳದೆ ದೇಹದ ಚಲನೆಯಿಂದ ಅದನ್ನು ಸೂಚಿಸುವ ವಾಕ್ಯ ಬರೆಯುತ್ತಾನೆ/ಳೆ.

ಶಿಕ್ಷಕರಿಗೆ ವಿಷಯ ಸಾಮಗ್ರಿ

ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವಾರ್ಡ್ ಡಿಲ್ ಅಭಿವೃದ್ಧಿಪಡಿಸಿದ ‘ಅಟ್ಲಾಂಟಿಕ್ ಜೈಂಟ್’ ತಳಿಯಿಂದಲೇ ಇಂದಿನ ದೈತ್ಯ ಕಾಯಿಗಳು ಬಂದಿವೆ. 2023ರಲ್ಲಿ ಅಮೆರಿಕದ ಮಿನೆಸೋಟದ ಟ್ರಾವಿಸ್ ಗೀಂಗರ್ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ 2,749 ಪೌಂಡ್, ಅಂದರೆ ಸುಮಾರು 1,247 ಕೆ.ಜಿ. ತೂಗಿದ ಕಾಯಿಯಿಂದ ವಿಶ್ವದಾಖಲೆ ಮಾಡಿದರು. ಅವರು ತೋಟಗಾರಿಕೆ ಕಲಿಸುವ ಶಿಕ್ಷಕರು. 2025ರಲ್ಲಿ ಇಂಗ್ಲೆಂಡಿನ ಪ್ಯಾಟನ್ ಅವಳಿ ಸಹೋದರರು ಆ ದಾಖಲೆಯನ್ನು ಮುರಿದರು.

ಬೆಳೆಗಾರರು ವಸಂತದಲ್ಲಿ ಬೀಜ ಮೊಳೆಯಿಸಿ, ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ, ಸಾಮಾನ್ಯವಾಗಿ ಬಳ್ಳಿಗೊಂದೇ ಕಾಯಿ ಉಳಿಸುತ್ತಾರೆ. ಭರದ ದಿನಗಳಲ್ಲಿ ಕಾಯಿ ದಿನಕ್ಕೆ 15–20 ಕೆ.ಜಿ.ವರೆಗೂ ಹೆಚ್ಚುತ್ತದೆ. ಟೇಪು ಹಿಡಿದು ಸುತ್ತಳತೆ ತೆಗೆದು ತೂಕ ಅಂದಾಜು ಮಾಡುತ್ತಾರೆ. ಬಿರುಕು ಒಳಗಿನ ಪೊಳ್ಳಿನವರೆಗೆ ಹೋದರೆ ಕಾಯಿ ಸ್ಪರ್ಧೆಯಿಂದ ಹೊರಗೆ. ತೊಟ್ಟು ಕತ್ತರಿಸಿದ ಮೇಲೆ ಬೆಳವಣಿಗೆ ನಿಂತು, ನೀರಿನಂಶ ಆರುತ್ತಾ ತೂಕ ಇಳಿಯತೊಡಗುತ್ತದೆ. ಪಟ್ಟಿಗಳಿಂದ ಬಿಗಿದು ಯಂತ್ರದಿಂದ ಎತ್ತುವವರೆಗೆ ಅಡಿಭಾಗ ಕೊಳೆತಿದೆಯೋ ಇಲ್ಲವೋ ಎಂಬುದು ಸರಿಯಾಗಿ ಕಾಣುವುದಿಲ್ಲ.

ಪೀಠಿಕೆ (5 ನಿಮಿಷ)

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಹೆಗಲನ್ನೇ ಏಕೆ ಮುಟ್ಟಿಕೊಂಡ? ಬೂದುಗುಂಬಳದ ಬಿಳಿ ಪುಡಿ ಹೆಗಲಿಗೆ ಅಂಟಿರಬಹುದೆಂಬ ಅಳುಕು. ಕಳ್ಳ ಬಾಯಿ ಬಿಡಲಿಲ್ಲ. ಅವನ ಕೈ ಮಾತಾಡಿತು. ಮೂರನೆಯ ಕಲಿಕಾ ಫಲಕ್ಕೆ ಇಲ್ಲಿಂದಲೇ ದಾರಿ.

ಬೆಳವಣಿಗೆ (20 ನಿಮಿಷ)

ಸಾಮಗ್ರಿಯನ್ನು ಕಥೆಯಂತೆ ಹೇಳುತ್ತಾ ನಾಲ್ಕು ಕಡೆ ನಿಲ್ಲಿಸಿ.

ಮೊದಲ ನಿಲುಗಡೆ, ಕೊಯ್ಲಿನ ಹಿಂದಿನ ರಾತ್ರಿ. ಇನ್ನೆರಡು ದಿನ ಬಿಟ್ಟರೆ ತೂಕ ಹೆಚ್ಚಬಹುದು, ಬಿರಿಯಲೂಬಹುದು. ಆಸೆ ಮತ್ತು ಭಯ ಒಂದೇ ಕಾರಣದಿಂದ ಹುಟ್ಟುವುದನ್ನು ಮಕ್ಕಳೇ ಕಂಡುಕೊಳ್ಳಲಿ.

ಎರಡನೆಯದು, ತೊಟ್ಟಿಗೆ ಕತ್ತಿ ತಾಗುವ ಕ್ಷಣ. ತಿಂಗಳುಗಟ್ಟಲೆ ನೀರುಣಿಸಿ ನೆರಳು ಮಾಡಿದ ಕೈಯೇ ಈಗ ಕತ್ತರಿಸುತ್ತಿದೆ. ಇಲ್ಲಿ ‘ಹೆಮ್ಮೆ’ ಎನ್ನುವವರೂ ಸಿಗುತ್ತಾರೆ, ‘ಸಂಕಟ’ ಎನ್ನುವವರೂ ಸಿಗುತ್ತಾರೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ, ಒಂದನ್ನು ಅಳಿಸಬೇಡಿ.

ಮೂರನೆಯದು, ಕಾಯಿ ನೆಲ ಬಿಟ್ಟು ಮೇಲೇಳುವಾಗ. ಬೆಳೆಗಾರ ಬಗ್ಗಿ ಅಡಿಭಾಗವನ್ನು ಅಂಗೈಯಿಂದ ಸವರುತ್ತಾನೆ. ಅವನ ಮುಖವನ್ನು ವರ್ಣಿಸಲು ಹೇಳಿ, ಭಾವದ ಹೆಸರು ಬಳಸದೆ.

ನಾಲ್ಕನೆಯದು, ಖಾಲಿ ಹೊಲ. ಬಳ್ಳಿ ಒಣಗುತ್ತದೆ, ಬೀಜ ಉಳಿಯುತ್ತದೆ. ಕಾಯಿಯ ತೂಕ, ಬೆಳೆಗಾರರ ಹೆಸರು ಮತ್ತು ವರ್ಷವನ್ನು ಸೇರಿಸಿ ಬೀಜವನ್ನು ಗುರುತಿಸುವ ರೂಢಿ ಅವರಲ್ಲಿದೆ. ಇದು ಮುಕ್ತಾಯವೋ ಆರಂಭವೋ ಎಂದು ಜೋಡಿಗಳಲ್ಲಿ ಚರ್ಚಿಸಲಿ.

ಎಚ್ಚರಿಕೆ

ನಮ್ಮ ತರಗತಿಗಳಲ್ಲಿ ರೈತರ ಮಕ್ಕಳಿರುತ್ತಾರೆ. ಸ್ಪರ್ಧೆಯ ಕಾಯಿ ಬಿರಿದರೆ ಒಂದು ವರ್ಷದ ಹವ್ಯಾಸ ಹೋಗುತ್ತದೆ; ಟೊಮೆಟೊ ಬೆಲೆ ಬಿದ್ದರೆ ಮನೆಯ ವರ್ಷದ ಆದಾಯವೇ ಹೋಗುತ್ತದೆ. ಈ ವ್ಯತ್ಯಾಸವನ್ನು ಶಿಕ್ಷಕರೇ ಮೊದಲು ಸ್ಪಷ್ಟವಾಗಿ ಹೇಳಬೇಕು. ‘ನಿಮ್ಮ ಮನೆಯ ಅನುಭವ ಹೇಳು’ ಎಂದು ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಹೇಳಬೇಕೆನಿಸಿದವರು ‘ಒಬ್ಬ ಹುಡುಗಿ’, ‘ಒಬ್ಬ ರೈತ’ ಎಂದು ಬರೆಯಲು ಅವಕಾಶವಿರಲಿ.

ಮೌಲ್ಯಮಾಪನ (15 ನಿಮಿಷ)

‘ಕೊಯ್ಲಿನ ದಿನ’ ಎಂಬ ಶೀರ್ಷಿಕೆಯಲ್ಲಿ ಆರು ವಾಕ್ಯ. ಎರಡು ಭಾವಗಳಿಗೆ 2 ಅಂಕ, ಕಾರಣಗಳಿಗೆ 2, ದೇಹದ ಸೂಚನೆಗೆ 1. ಯಾವ ಭಾವ ಬರೆದರು ಎಂಬುದಕ್ಕೆ ಅಂಕವಿಲ್ಲ. ಗೆದ್ದ ದಿನವೂ ಬೆಳೆಗಾರನಿಗೆ ಬೇಸರವಾಯಿತೆಂದು ಬರೆದ ಮಗು ಕಾರಣ ಕೊಟ್ಟಿದ್ದರೆ ಪೂರ್ಣ ಅಂಕಕ್ಕೆ ಅರ್ಹ.

ವೀಕ್ಷಕರಿಗೆ

ಪ್ರತಿ ನಿಲುಗಡೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಪ್ರಶಿಕ್ಷಣಾರ್ಥಿ ಎಷ್ಟು ಸೆಕೆಂಡು ಕಾದರು ಎಂದು ಗುರುತು ಹಾಕಿಕೊಳ್ಳಿ. ಮೊದಲು ಎದ್ದ ಕೈಗೆ ‘ಸಂತೋಷ’ ಸಾಕು. ಎರಡನೆಯ ಭಾವ ಬರಲು ತರಗತಿಗೆ ಸ್ವಲ್ಪ ಮೌನ ಬೇಕು.