ದ್ವೀಪಗಳ ದೇಶಕ್ಕೆ ಪ್ರವಾಸ: ಕೈಬಿಟ್ಟ ಮುಂಗಡದ ಲೆಕ್ಕ

ವಿದೇಶ ಪ್ರವಾಸದ ಖರ್ಚನ್ನು ಅಂದಾಜು ಮಾಡುವಾಗ ಬಹುತೇಕ ಕುಟುಂಬಗಳು ವಿಮಾನದ ಟಿಕೆಟ್, ಹೋಟೆಲ್ ಬಾಡಿಗೆ, ಊಟ ಎಂಬ ಮೂರು ಬಾಬ್ತುಗಳಿಂದ ಆರಂಭಿಸುತ್ತವೆ. ಸಿಂಗಪುರದಂಥ ಪುಟ್ಟ ದೇಶಕ್ಕೆ ಈ ಕ್ರಮ ಸಾಕಾಗುತ್ತದೆ. ಆದರೆ ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳು, 38 ಪ್ರಾಂತ್ಯಗಳು, ಏಳುನೂರಕ್ಕೂ ಹೆಚ್ಚು ಭಾಷೆಗಳು ಮತ್ತು ಮೂರು ಕಾಲವಲಯಗಳಿರುವ, ಪಶ್ಚಿಮದ ಸುಮಾತ್ರದಿಂದ ಪೂರ್ವದ ಪಾಪುವಾದವರೆಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಚಾಚಿಕೊಂಡಿರುವ ಇಂಡೊನೇಷ್ಯಾಕ್ಕೆ ಅದು ಏನೇನೂ ಸಾಲದು. ಅಲ್ಲಿ ಪ್ರವಾಸದ ಒಟ್ಟು ವೆಚ್ಚವನ್ನು ನಿರ್ಧರಿಸುವುದು ಹೋಟೆಲಿನ ದರ್ಜೆಗಿಂತ ಹೆಚ್ಚಾಗಿ, ಪ್ರವಾಸಿಯು ಎಷ್ಟು ಬಾರಿ ಬಿಡಾರ ಬದಲಿಸುತ್ತಾನೆ ಎಂಬ ಅಂಶ. ಬಿಡಾರ ಬದಲಾವಣೆಯೆಂದರೆ ಒಂದು ದ್ವೀಪದ ವಸತಿಯನ್ನು ಖಾಲಿ ಮಾಡಿ ಇನ್ನೊಂದು ದ್ವೀಪದ ವಸತಿಯನ್ನು ಸೇರುವುದು. ಅದರಲ್ಲಿ ಒಳನಾಡು ವಿಮಾನದ ಟಿಕೆಟ್, ಲಗೇಜಿನ ಶುಲ್ಕ, ಎರಡೂ ನಿಲ್ದಾಣಗಳ ಕಾರು ಬಾಡಿಗೆ ಮಾತ್ರವಲ್ಲದೆ, ಯಾವ ರಸೀದಿಯಲ್ಲಿಯೂ ಕಾಣಿಸಿಕೊಳ್ಳದ, ಆದರೆ ಎಲ್ಲಕ್ಕಿಂತ ದುಬಾರಿಯಾದ ಅರ್ಧ ದಿನವೋ ಒಂದು ದಿನವೋ ಸೇರಿರುತ್ತದೆ.

2025ರ ದಸರಾ ರಜೆಗಾಗಿ ಈ ಅಂಕಣಕಾರರ ಕುಟುಂಬವು ಆರಿಸಿಕೊಂಡಿದ್ದ ಟೂರ್ ಪ್ಯಾಕೇಜು ಮೂರು ದ್ವೀಪಗಳನ್ನು ಒಳಗೊಂಡಿತ್ತು: ಬಾಲಿ, ಜಾವಾ ದ್ವೀಪದ ಯೋಗ್ಯಕರ್ತ, ಮತ್ತು ಕೊಮೊಡೊ ಉಡಗಳ ರಾಷ್ಟ್ರೀಯ ಉದ್ಯಾನಕ್ಕೆ ಹೆಬ್ಬಾಗಿಲಿನಂತಿರುವ, ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊ. ಮುಂಗಡ ಕಟ್ಟಿದ ಬಳಿಕ, ಬಾಕಿ ಹಣ ಕಟ್ಟುವ ಗಡುವಿಗೆ ಮುನ್ನ, ಕುಟುಂಬವು ಮೂರನೆಯ ದ್ವೀಪವನ್ನು ಕೈಬಿಟ್ಟು ಅದಕ್ಕಾಗಿ ಕೊಟ್ಟಿದ್ದ 40,000 ರೂಪಾಯಿ ಮುಂಗಡವನ್ನು ಕಳೆದುಕೊಳ್ಳಲು ಒಪ್ಪಿಕೊಂಡಿತು. ಕೊಟ್ಟ ಹಣವನ್ನು ಅನುಭವಿಸದೆ ಬಿಡುವುದು ದಂಡವೆಂದು ಬಂಧುಗಳಲ್ಲಿ ಹಲವರು ವಾದಿಸಿದರು. ಮಧ್ಯಮವರ್ಗದ ಮನೆಯಲ್ಲಿ ನಲವತ್ತು ಸಾವಿರ ಸಣ್ಣ ಮೊತ್ತವಲ್ಲವಾದ್ದರಿಂದ ಆ ವಾದವನ್ನು ಲೆಕ್ಕದ ಮೂಲಕವೇ ಪರಿಶೀಲಿಸುವುದು ನ್ಯಾಯ.

ಈಗಾಗಲೇ ಕೊಟ್ಟಾಗಿರುವ, ಮುಂದೆ ಯಾವ ನಿರ್ಧಾರ ಕೈಗೊಂಡರೂ ಹಿಂದಿರುಗದ ಹಣವನ್ನು ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎಂದು ಕರೆಯುತ್ತಾರೆ. ಲಬುವಾನ್ ಬಾಜೊಗೆ ಹೋದರೂ ಆ 40,000 ಹೋಗಿರುತ್ತದೆ, ಹೋಗದಿದ್ದರೂ ಹೋಗಿರುತ್ತದೆ. ಆದ್ದರಿಂದ ಹೋಲಿಕೆಯ ಎರಡೂ ಬದಿಗಳಿಂದ ಅದನ್ನು ತೆಗೆದುಹಾಕಿ, ಇನ್ನು ಮುಂದೆ ಕೈಯಿಂದ ಹೊರಡಬೇಕಾದ ಹಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ನಾಲ್ವರಿಗೆ ಮೂರು ದಿನಗಳ ಆ ಭಾಗದ ಬೆಲೆ 1,60,000 ರೂಪಾಯಿ. ಮುಂಗಡ ಕಳೆದರೆ ಬಾಕಿ 1,20,000. ಪ್ಯಾಕೇಜಿನಲ್ಲಿ ಸೇರದ ಉದ್ಯಾನ ಶುಲ್ಕ, ಲಗೇಜಿನ ಹೆಚ್ಚುವರಿ ಶುಲ್ಕ ಮತ್ತು ಊಟಕ್ಕೆ 28,000 ಸೇರಿಸಿದರೆ ಹೊಸದಾಗಿ ತೆರಬೇಕಾದ ಮೊತ್ತ 1,48,000 ರೂಪಾಯಿ. ಅದೇ ಮೂರು ದಿನಗಳನ್ನು ಯೋಗ್ಯಕರ್ತದಲ್ಲೇ ಕಳೆದರೆ, ರಾತ್ರಿಗೆ 4,500 ರೂಪಾಯಿಯಂತೆ ಎರಡು ಕೋಣೆಗಳಿಗೆ ಮೂರು ರಾತ್ರಿಗೆ 27,000, ಊಟ ಮತ್ತು ಬಾಡಿಗೆ ವಾಹನಕ್ಕೆ ದಿನಕ್ಕೆ 7,000ದಂತೆ 21,000, ಪ್ರವೇಶ ಶುಲ್ಕ ಮತ್ತು ಮಾರ್ಗದರ್ಶಕರ ಸಂಭಾವನೆಗೆ 12,000, ಒಟ್ಟು 60,000 ರೂಪಾಯಿ. ವ್ಯತ್ಯಾಸ 88,000. ಹೀಗೆ ಮುಂಗಡ ಕಳೆದುಕೊಂಡ ನಿರ್ಧಾರವು ಕುಟುಂಬಕ್ಕೆ ಕಳೆದುಕೊಂಡದ್ದರ ಎರಡು ಪಟ್ಟಿಗೂ ಮಿಗಿಲಾದ ಹಣವನ್ನು ಉಳಿಸಿತು.

ಆದರೂ ಈ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ಎರಡು ಕಡೆಯ ಮೂರು ದಿನಗಳು ಸಮಾನವಲ್ಲ. ಆ ಪ್ಯಾಕೇಜಿನಲ್ಲಿ ಯೋಗ್ಯಕರ್ತದಿಂದ ಲಬುವಾನ್ ಬಾಜೊಗೆ ವಿಮಾನ ಬದಲಿಸಿ ಹೋಗಬೇಕಾಗಿದ್ದರಿಂದ ಒಂದು ಹಗಲು ಪ್ರಯಾಣದಲ್ಲೇ ಕಳೆಯುತ್ತಿತ್ತು, ವಾಪಸಾಗಲು ಇನ್ನರ್ಧ ದಿನ ಬೇಕಾಗುತ್ತಿತ್ತು. ಕೈಯಲ್ಲಿ ಉಳಿಯುತ್ತಿದ್ದದ್ದು ಒಂದೂವರೆ ದಿನ. 1,48,000ವನ್ನು ಒಂದೂವರೆಯಿಂದ ಭಾಗಿಸಿದರೆ ನೋಡಲು ಸಿಗುವ ಪ್ರತಿ ದಿನಕ್ಕೆ ಸುಮಾರು 98,700 ರೂಪಾಯಿ; 60,000ವನ್ನು ಮೂರರಿಂದ ಭಾಗಿಸಿದರೆ 20,000. ದಿನವೊಂದರ ಬೆಲೆ ಐದು ಪಟ್ಟಿನ ಸಮೀಪಕ್ಕೆ ಏರಿತ್ತು ಎಂಬುದು ಪ್ಯಾಕೇಜಿನ ಮುದ್ರಿತ ದರಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅದು ರಾತ್ರಿಗಳನ್ನು ಎಣಿಸುತ್ತದೆಯೇ ಹೊರತು ಹಗಲುಗಳನ್ನಲ್ಲ.

ಕಡಿಮೆ ದ್ವೀಪಗಳನ್ನು ನೋಡಿದರೆ ದೇಶದ ವೈವಿಧ್ಯವು ಕೈತಪ್ಪುತ್ತದೆ ಎಂಬ ಆಕ್ಷೇಪ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಆದರೆ ಯೋಗ್ಯಕರ್ತದ ಸುತ್ತಲಿನ ನೆಲವೇ ಅದಕ್ಕೆ ಉತ್ತರ ಕೊಡುತ್ತದೆ. ನಗರದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಒಂಬತ್ತನೆಯ ಶತಮಾನದ ಬೌದ್ಧ ಸ್ಮಾರಕ ಬೊರೊಬುದುರ್ ಇದೆ. ಇನ್ನೊಂದು ದಿಕ್ಕಿನಲ್ಲಿ ಇನ್ನೂ ಹತ್ತಿರದಲ್ಲಿ, ಗೋಡೆಗಳ ಮೇಲೆ ರಾಮಾಯಣದ ಶಿಲ್ಪಗಳನ್ನು ಹೊತ್ತ ಪ್ರಂಬಾನನ್ ದೇವಾಲಯ ಸಮುಚ್ಚಯವಿದೆ. ಎರಡೂ 1991ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಉತ್ತರದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಅರ್ಜುನ, ಭೀಮ, ಘಟೋತ್ಕಚರ ಹೆಸರು ಹೊತ್ತ ಪುರಾತನ ಶಿವಾಲಯಗಳಿವೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಯೋಗ್ಯಕರ್ತವನ್ನು ಒಬ್ಬ ಸುಲ್ತಾನರು ಪ್ರಾಂತ್ಯದ ರಾಜ್ಯಪಾಲರೂ ಆಗಿ ಆಳುತ್ತಾರೆ, ಇಲ್ಲಿಯ ತೊಗಲು ಗೊಂಬೆಯಾಟ ಇಂದಿಗೂ ಮಹಾಭಾರತದ ಕತೆಗಳನ್ನು ರಾತ್ರಿಯಿಡೀ ನಡೆಸುತ್ತದೆ. ಕರ್ನಾಟಕದ ತೊಗಲು ಗೊಂಬೆಯಾಟವನ್ನು ಕಂಡವರು ಇದನ್ನು ಎರಡು ತಾಸು ಕುಳಿತು ನೋಡಬೇಕು, ಅದಕ್ಕೆ ಬೇಕಾದದ್ದು ಮರುದಿನ ಬೆಳಿಗ್ಗೆ ವಿಮಾನ ಹಿಡಿಯುವ ಧಾವಂತವಿಲ್ಲದ ಒಂದು ರಾತ್ರಿ. ಬೊರೊಬುದುರದ ಮೇಲ್ಭಾಗಕ್ಕೆ ದಿನಕ್ಕೆ ನಿಗದಿತ ಸಂಖ್ಯೆಯ ಜನರನ್ನು ಮಾತ್ರ ಬಿಡುವುದರಿಂದ, ಮುಂಚಿತವಾಗಿ ಟಿಕೆಟ್ ಕಾಯ್ದಿರಿಸದೆ ಆತುರದಲ್ಲಿ ಬಂದವರು ಕೆಳಗಿನ ಆವರಣದಿಂದಲೇ ಹಿಂದಿರುಗುವ ಸಂಭವವಿರುತ್ತದೆ.

ಇಂಥ ಮೂರು ದ್ವೀಪಗಳ ಪ್ಯಾಕೇಜುಗಳನ್ನು ಮಾರಲು ಈಚೆಗೆ ಬಳಕೆಗೆ ಬಂದಿರುವ ಸಾಧನವೆಂದರೆ "ಬಡ್ಡಿಯಿಲ್ಲದ ಕಂತು". ಇದನ್ನು ನಂಬಬಾರದು ಎಂದು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ಒಮ್ಮೆಗೇ ಪಾವತಿಸುವವರಿಗೆ ಶೇ 6ರ ರಿಯಾಯಿತಿ ಕೊಟ್ಟು 1,12,800ಕ್ಕೆ ಮಾರುವ ವಸ್ತುವನ್ನು ಹನ್ನೆರಡು ತಿಂಗಳಿಗೆ 10,000ದಂತೆ 1,20,000ಕ್ಕೆ ಮಾರಿದರೆ, ಅದು ವರ್ಷಕ್ಕೆ ಶೇ 11.5ರ ಆಸುಪಾಸಿನ ಸಾಲವಾಗುತ್ತದೆ; ಸಂಸ್ಕರಣಾ ಶುಲ್ಕವೂ ಅದರ ಮೇಲಿನ ಜಿಎಸ್‌ಟಿಯೂ ಬೇರೆ. ಬಡ್ಡಿಯನ್ನು ರಿಯಾಯಿತಿಯೊಳಗೆ ಅಡಗಿಸಿಟ್ಟು ಇಲ್ಲವೆಂದು ಹೇಳುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಕಂತಿನ ಸೌಲಭ್ಯವು ಇನ್ನೊಂದು ಹಾನಿಯನ್ನೂ ಮಾಡುತ್ತದೆ: ತಿಂಗಳಿಗೆ ಹತ್ತು ಸಾವಿರವೆಂದಾಗ ಮೂರನೆಯ ದ್ವೀಪ ಅಗ್ಗವೆನಿಸಿ, ಅದು ನಿಜವಾಗಿ ಬೇಕೇ ಎಂಬ ಪ್ರಶ್ನೆಯೇ ಮನೆಯಲ್ಲಿ ಹುಟ್ಟುವುದಿಲ್ಲ. ಸ್ಥಳಗಳ ಪಟ್ಟಿಯನ್ನು ಉದ್ದ ಮಾಡಿಕೊಂಡು, ಪ್ರತಿಯೊಂದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಊರಿಗೆ ಬಂದು ಬಂಧುಗಳಿಗೆ ಒಪ್ಪಿಸುವ ಅಭ್ಯಾಸವೇ ಇಂಥ ಮಾರಾಟಕ್ಕೆ ಬಂಡವಾಳ. ಮಕ್ಕಳು ಕಾರಿನಲ್ಲಿ ನಿದ್ದೆ ಮಾಡುತ್ತ ಕಳೆದ ಊರುಗಳನ್ನು ನೋಡಿದ ಊರುಗಳೆಂದು ಎಣಿಸುವ ಈ ಅಭ್ಯಾಸವನ್ನು ಹಿರಿಯರು ಬಿಡದ ಹೊರತು ಯಾವ ಲೆಕ್ಕಾಚಾರವೂ ಕೆಲಸಕ್ಕೆ ಬಾರದು.

ದಿನಾಂಕದ ಆಯ್ಕೆಯೂ ಹಣದ ವಿಷಯವೇ. ಬಾಲಿಯ ಹಿಂದೂಗಳು ಶಕ ವರ್ಷದ ಆರಂಭವನ್ನು ನ್ಯೆಪಿ ಎಂಬ ಮೌನದಿನವಾಗಿ ಆಚರಿಸುತ್ತಾರೆ. ಅಂದು ಇಪ್ಪತ್ತನಾಲ್ಕು ತಾಸು ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಪ್ರವಾಸಿಗರೂ ವಸತಿಯಿಂದ ಹೊರಗೆ ಕಾಲಿಡುವಂತಿಲ್ಲ. 2026ರಲ್ಲಿ ಯುಗಾದಿ ಮತ್ತು ನ್ಯೆಪಿ ಎರಡೂ ಮಾರ್ಚ್ 19ರಂದೇ ಬಿದ್ದವು, ರಂಜಾನ್ ಹಬ್ಬವೂ ಅದೇ ವಾರದಲ್ಲಿ ಬಂದಿತು. ರಂಜಾನ್ ಹಬ್ಬಕ್ಕೆ ಜಾವಾದ ನಗರವಾಸಿಗಳು ಲಕ್ಷಾಂತರ ಸಂಖ್ಯೆಯಲ್ಲಿ ಹುಟ್ಟೂರುಗಳಿಗೆ ಹೊರಡುವುದರಿಂದ ರೈಲು, ವಿಮಾನಗಳ ಟಿಕೆಟ್ ಸಿಗುವುದೇ ಕಷ್ಟ. ಮಳೆಗಾಲವು ಸ್ಥೂಲವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಇರುವುದರಿಂದ, ಕರ್ನಾಟಕದ ಕುಟುಂಬಗಳಿಗೆ ಮೇ ತಿಂಗಳ ರಜೆಯೋ ದಸರಾ ರಜೆಯೋ ಹೊಂದುತ್ತದೆ.

ತಪ್ಪಿಸಲಾಗದ ಶುಲ್ಕಗಳು ಕೆಲವಿವೆ. ಮೂವತ್ತು ದಿನಗಳ ಆಗಮನ ವೀಸಾಕ್ಕೆ, ಅಂದರೆ ಅಲ್ಲಿಗೆ ತಲುಪಿದ ಮೇಲೆ ಅಥವಾ ಹೊರಡುವ ಮುನ್ನ ಆನ್‌ಲೈನಿನಲ್ಲಿ ಪಡೆಯಬಹುದಾದ ಅನುಮತಿಗೆ, ತಲಾ 5,00,000 ಇಂಡೊನೇಷ್ಯಾ ರುಪಯಾ. 2024ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಬಾಲಿ ಪ್ರವಾಸಿ ಶುಲ್ಕಕ್ಕೆ ತಲಾ 1,50,000. ಒಂದು ರೂಪಾಯಿಗೆ 190 ರುಪಯಾ ಎಂದು ಹಿಡಿದರೆ ಎರಡೂ ಸೇರಿ ತಲಾ ಸುಮಾರು 3,420 ರೂಪಾಯಿ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ಬಿಲ್ಲನ್ನು ಭಾರತದ ರೂಪಾಯಿಯಲ್ಲಿ ಪಾವತಿಸಬಹುದೆಂದು ಯಂತ್ರವು ಸೂಚಿಸಿದರೆ ಅದನ್ನು ನಿರಾಕರಿಸಿ ಅಲ್ಲಿಯ ರುಪಯಾವನ್ನೇ ಆರಿಸಿಕೊಳ್ಳಬೇಕು. ಆ ಸೂಚನೆಯನ್ನು ಒಪ್ಪಿದರೆ ವಿನಿಮಯ ದರವನ್ನು ಅಂಗಡಿಯವರ ಬ್ಯಾಂಕು ತನ್ನ ಲಾಭ ಸೇರಿಸಿ ನಿಗದಿ ಮಾಡುತ್ತದೆ.

ಕೊನೆಯದಾಗಿ ಟಿಸಿಎಸ್, ಅಂದರೆ ಮಾರಾಟಗಾರರು ಬೆಲೆಯ ಜೊತೆಗೆ ವಸೂಲು ಮಾಡಿ ಆದಾಯ ತೆರಿಗೆ ಇಲಾಖೆಗೆ ಕಟ್ಟುವ, ಮೂಲದಲ್ಲಿ ಸಂಗ್ರಹಿಸುವ ತೆರಿಗೆ. 2025–26ರ ಆರ್ಥಿಕ ವರ್ಷದಲ್ಲಿ ವಿದೇಶಿ ಟೂರ್ ಪ್ಯಾಕೇಜುಗಳ ಮೇಲೆ ಹತ್ತು ಲಕ್ಷ ರೂಪಾಯಿವರೆಗೆ ಶೇ 5 ಇದ್ದುದರಿಂದ, ಕೈಬಿಟ್ಟ ಭಾಗದ ಬಾಕಿ 1,20,000ದ ಮೇಲೆ 6,000 ರೂಪಾಯಿಯಷ್ಟು ಹಣ ಸರಕಾರದ ಬಳಿ ಹೋಗಿ ಕೂರುವುದು ತಪ್ಪಿತು. ಉಳಿದ ಎರಡು ದ್ವೀಪಗಳ ಮೇಲೆ ಸಂಗ್ರಹವಾದ ತೆರಿಗೆಯು ವೆಚ್ಚವಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ ಜಮೆ. ಆದರೆ ಅದು ಯಾರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿದೆಯೋ ಅವರೇ ರಿಟರ್ನ್ ಸಲ್ಲಿಸಬೇಕಾಗುವುದರಿಂದ, ತೆರಿಗೆ ಕಟ್ಟುವ ಆದಾಯವಿಲ್ಲದ ಹಿರಿಯರ ಹೆಸರಿನಲ್ಲಿ ಪ್ಯಾಕೇಜು ಖರೀದಿಸುವುದಕ್ಕಿಂತ ಸಂಬಳ ಪಡೆಯುವ ಸದಸ್ಯರ ಹೆಸರಿನಲ್ಲಿ ಖರೀದಿಸುವುದು ಅನುಕೂಲ. ಅಂಥವರು ಟಿಸಿಎಸ್ ವಿವರವನ್ನು ಕಚೇರಿಗೆ ಮುಂಚಿತವಾಗಿ ಕೊಟ್ಟರೆ ಸಂಬಳದಿಂದ ಕಡಿತವಾಗುವ ತೆರಿಗೆಯಲ್ಲೇ ಅದು ವಜಾ ಆಗುತ್ತದೆ, ಮರುಪಾವತಿಗಾಗಿ ಮುಂದಿನ ವರ್ಷದವರೆಗೆ ಕಾಯಬೇಕಾಗುವುದಿಲ್ಲ.