ಸಹಿ ಹಾಕುವ ಮುನ್ನ ಗೀಸರ್ ಸಾಕೆಟ್ ಬಿಚ್ಚಿ ನೋಡು

ತಮ್ಮಾ,

ವೈರ್‌ಮನ್ ಆಗಿದ್ದವನು ಸೂಪರ್‌ವೈಸರ್ ಪರ್ಮಿಟ್ ಪಡೆದು, ವೈಟ್‌ಫೀಲ್ಡ್ ಕಡೆಯ ನಾಲ್ಕಾರು ಪಿಜಿಗಳ ಕರೆಂಟ್ ಕೆಲಸ ವಹಿಸಿಕೊಂಡೆ ಎಂದು ತಿಳಿದು ಸಂತೋಷವಾಯಿತು. ಪೀಣ್ಯದ ಕಾರ್ಖಾನೆಗಳಲ್ಲಿ ಮೋಟರು, ಪ್ಯಾನಲ್ ಬೋರ್ಡುಗಳ ನಡುವೆ ಆಯುಷ್ಯ ಕಳೆದವನು ನಾನು. ಅಲ್ಲಿ ಕೆಲಸಗಾರನ ಕಾಲಿಗೆ ಬೂಟು, ಪ್ಯಾನಲ್ ಮುಂದೆ ರಬ್ಬರ್ ಮ್ಯಾಟು. ನಿನ್ನ ಪಿಜಿಯ ಹುಡುಗ ಗೀಸರ್ ಕೆಳಗೆ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿರುತ್ತಾನೆ. ಕರೆಂಟಿನ ಮುಂದೆ ಮನುಷ್ಯ ಅಷ್ಟು ನಿರಾಯುಧನಾಗಿ ನಿಲ್ಲುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಅದಕ್ಕೇ ಈ ಕಾಗದ.

ಎಂಸಿಬಿ ಇದೆಯಲ್ಲ, ಇನ್ನೇನು ಭಯ ಎಂದು ಓನರ್‌ಗಳು ಕೇಳುತ್ತಾರೆ. ಕೆಲವು ವೈರ್‌ಮನ್‌ಗಳೂ ಹಾಗೇ ನಂಬಿದ್ದಾರೆ. ಲೆಕ್ಕ ಹಾಕಿ ತೋರಿಸು. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದುಕೊಂಡರೆ, 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಎದೆಬಡಿತ ನಿಲ್ಲಿಸಲು ಅಷ್ಟು ಧಾರಾಳ ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ. ಮನುಷ್ಯನನ್ನು ಕಾಯುವುದು ಸರಿಯಾದ ಅರ್ತಿಂಗ್ ಮತ್ತು ಕರೆಂಟ್ ಸೋರಿದ ಕೂಡಲೇ ಲೈನ್ ಕತ್ತರಿಸುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಎರಡೂ ಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಎಷ್ಟೋ ಪಿಜಿಗಳಲ್ಲಿ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಅರ್ತ್ ವೈರ್ ಬಂದೇ ಇರುವುದಿಲ್ಲ. ಕಟ್ಟುವಾಗ ಮೂರನೇ ವೈರ್ ಉಳಿಸಿರುತ್ತಾರೆ. ಆಮೇಲೆ ಯಾರೋ ಕೇಳಿದಾಗ ಸಾಕೆಟ್ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಜಂಪರ್ ಹಾಕಿ ಮುಗಿಸುತ್ತಾರೆ. ನೀನು ಟೆಸ್ಟ್ ಲ್ಯಾಂಪ್ ಹಿಡಿದು ಫೇಸ್‌ಗೂ ಅರ್ತ್‌ಗೂ ಕೊಟ್ಟರೆ ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ. ಅರ್ತಿಂಗ್ ಇದೆ ಎಂದು ಬರೆದುಕೊಂಡು ಬರುತ್ತೀಯ. ಒಂದು ದಿನ ಹಿಂದೆಲ್ಲೋ ನ್ಯೂಟ್ರಲ್ ಜಾಯಿಂಟ್ ಸಡಿಲವಾಗಿ ಬಿಟ್ಟುಕೊಂಡಿತು ಎಂದಿಟ್ಟುಕೋ. ಸ್ವಿಚ್ ಆನ್ ಇದ್ದರೆ ಫೇಸ್ ಕಾಯಿಲ್ ದಾಟಿ, ಅದೇ ಜಂಪರ್ ಹಿಡಿದು, ಗೀಸರಿನ ಟ್ಯಾಂಕಿಗೆ ಬಂದು ನಿಲ್ಲುತ್ತದೆ. ನೀರು ಬಿಸಿಯಾಗಲಿಲ್ಲವೆಂದು ನಲ್ಲಿ ಮುಟ್ಟಿ ತಿರುಗಿಸುವವನಿಗೆ ಅದು ಹೇಗೆ ತಿಳಿಯಬೇಕು?

ಆದ್ದರಿಂದ ಲ್ಯಾಂಪನ್ನು ನಂಬಬೇಡ. ಮೇನ್ ಆಫ್ ಮಾಡು, ಎಲ್ಲ ಪ್ಲಗ್ ತೆಗೆ, ಡಿಬಿಯಲ್ಲಿ ಆ ರೂಮಿನ ನ್ಯೂಟ್ರಲ್ ಬಿಡಿಸಿ ಸಾಕೆಟ್ಟಿನ ನ್ಯೂಟ್ರಲ್‌ಗೂ ಅರ್ತ್‌ಗೂ ಕಂಟಿನ್ಯುಯಿಟಿ ನೋಡು. ಮೀಟರ್ ಕೂಗಿದರೆ ಒಳಗೆಲ್ಲೋ ಜಂಪರ್ ಇದೆ. ನಂತರ ಸಾಕೆಟ್ ಬಿಚ್ಚು. ಬಿಚ್ಚಿದಾಗ ಇನ್ನೂ ಕೆಲವು ಸಂಗತಿ ಕಾಣುತ್ತವೆ: ಕಪ್ಪಾದ ಟರ್ಮಿನಲ್, ಕರಗಿದ ಪಿವಿಸಿ, 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರಿಗೆ ಲೈಟಿಗೆ ಹಾಕುವಂಥ ಸಣ್ಣ ವೈರ್. ಆ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರನ್ನೇ ಪ್ರತ್ಯೇಕವಾಗಿ ಎಳೆಸು. ಸ್ವಿಚ್ ಬಾತ್‌ರೂಮಿನ ಹೊರಗಿರಲಿ, ಡಬಲ್ ಪೋಲ್ ಆಗಿರಲಿ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸಾದಾ ಸ್ವಿಚ್ ಆಫ್ ಮಾಡಿದರೂ ಕಾಯಿಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ನಿಮ್ಮ ಕಡೆಯ ನೀರಿನ ವಿಷಯವೂ ಇದೆ. ಕಾವೇರಿ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲೂ ಆಯಿತಾದರೂ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲೇ ನಡೆಯುವ ಪಿಜಿಗಳು ಬೇಕಾದಷ್ಟಿವೆ. ಆ ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ, ಒಳಗಿನ ಶಾಖ ಹೊರಬರದೆ ಹೊದಿಕೆ ಬಿರಿಯುತ್ತದೆ, ನೀರು ಒಳಗೆ ಸೇರುತ್ತದೆ. ಉಪ್ಪು ಬೆರೆತ ನೀರು ಕರೆಂಟನ್ನು ಇನ್ನಷ್ಟು ಚೆನ್ನಾಗಿ ಒಯ್ಯುತ್ತದೆ. ಈ ಅಪಾಯ ನಮ್ಮಲ್ಲಷ್ಟೇ ಅಲ್ಲ: ಬ್ರೆಜಿಲ್‌ನಲ್ಲಿ ಶವರ್ ತಲೆಯೊಳಗೇ ಕಾಯಿಲ್ ಇಟ್ಟು ನೀರು ಕಾಯಿಸುವ ಪದ್ಧತಿ ಮನೆಮನೆಯಲ್ಲಿದೆ. ಅಲ್ಲಿ 2006ರಲ್ಲಿ ಹೊಸ ಕಟ್ಟಡಗಳಿಗೆ ಅರ್ತಿಂಗ್ ಕಡ್ಡಾಯ ಮಾಡಿ ಕಾನೂನೇ ತಂದರು.

ಮಳೆಗಾಲದಲ್ಲಿ ನಿನಗೆ ಫೋನ್ ಬರುತ್ತದೆ: ‘ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗ್ತಿದೆ, ಹುಡುಗರು ಗಲಾಟೆ ಮಾಡ್ತಿದಾರೆ, ಡೈರೆಕ್ಟ್ ಮಾಡಿಕೊಡಪ್ಪ.’ ಮಾಡಬೇಡ. ಇಡೀ ಕಟ್ಟಡಕ್ಕೆ ಒಂದೇ ಆರ್‌ಸಿಸಿಬಿ ಇದ್ದರೆ, ಯಾವುದೋ ಒಂದು ಗೀಸರಿನಲ್ಲಿ ಕರೆಂಟ್ ಸೋರಿದರೂ ಎಲ್ಲ ರೂಮೂ ಕತ್ತಲಾಗುತ್ತವೆ. ರೂಮಿಗೊಂದು ಆರ್‌ಸಿಬಿಒ ಹಾಕಿಸಲು ಹೇಳು, ಕೆಟ್ಟ ಗೀಸರ್ ತಾನಾಗಿ ಸಿಕ್ಕಿಬೀಳುತ್ತದೆ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿಸು. ಆದರೆ ಅರ್ತಿಂಗ್ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ ಎನ್ನುವುದು ಗೊತ್ತಿರಲಿ.

ಹದಿನೈದು ಮೀಟರ್ ದಾಟಿದ ಕಟ್ಟಡವಾದರೆ ವಿದ್ಯುತ್ ಪರಿವೀಕ್ಷಣಾಲಯದ ಕಣ್ಣು ಬೀಳುತ್ತದೆ. ಮೂರ್ನಾಲ್ಕು ಅಂತಸ್ತಿನ ಪಿಜಿಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಬೆಸ್ಕಾಂಗೆ ಹೋಗುವ ಕಂಪ್ಲೀಷನ್ ರಿಪೋರ್ಟೇ ಕಡೆಯ ತಪಾಸಣೆ. ವೈರ್‌ಮನ್ ಆಗಿದ್ದಾಗ ಸಹಿ ಬೇರೆಯವರದಿತ್ತು, ಈಗ ನಿನ್ನದು. 500 ವೋಲ್ಟ್ ಮೆಗ್ಗರ್‌ನಲ್ಲಿ ಒಂದು ನಿಮಿಷ ಕೊಟ್ಟಾಗ ವೈರಿಂಗ್ ಇನ್ಸುಲೇಷನ್ ಒಂದು ಮೆಗಓಮ್‌ಗಿಂತ ಕೆಳಗಿಳಿಯಬಾರದು ಎಂಬ ನಿಯಮ ನಿನಗೂ ಗೊತ್ತು. ಮೆಗ್ಗರ್ ಪೆಟ್ಟಿಗೆಯಿಂದ ಹೊರಗೇ ಬಾರದೆ ಆ ಕಾಲಂನಲ್ಲಿ ಅಂಕಿ ತುಂಬುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಉದಾಸೀನಕ್ಕೆ ಬೆಲೆ ಜೀವವೇ: 2023ರ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ, ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಕೂಸು ತೀರಿಕೊಂಡರು. ನೀನು ದಿನಾ ಓಡಾಡುವ ದಾರಿ ಅದು. ರಸ್ತೆಯ ಸಾವಾದ್ದರಿಂದ ಊರೆಲ್ಲ ಕೇಳಿತು, ಬೆಸ್ಕಾಂನವರು ಅಮಾನತಾದರು. ಬಾತ್‌ರೂಮಿನ ಬಾಗಿಲ ಹಿಂದೆ ಹೋಗುವ ಜೀವಕ್ಕೆ ಅಷ್ಟು ಜನ ಕೇಳುವವರಿರುವುದಿಲ್ಲ.

‘ಇಷ್ಟು ವರ್ಷ ಏನೂ ಆಗಿಲ್ಲ, ಸುಮ್ನೆ ಖರ್ಚು ಮಾಡಿಸ್ತೀಯ’ ಎನ್ನುವ ಓನರ್ ಹತ್ತಿರ ವಾದ ಮಾಡಬೇಡ. ರೂಮ್ ನಂಬರ್, ಕಂಡ ದೋಷ, ಮೆಗ್ಗರ್ ರೀಡಿಂಗ್, ತಾರೀಖು ಬರೆದು ಎರಡು ಪ್ರತಿ ಮಾಡು, ಒಂದಕ್ಕೆ ಅವರ ಸಹಿ ತಗೊಂಡು ನಿನ್ನ ಹತ್ತಿರ ಇಟ್ಟುಕೋ. ಆ ಗೀಸರಿನ ಫೇಸನ್ನು ಡಿಬಿಯಲ್ಲಿ ಬಿಡಿಸಿ, ತುದಿಗೆ ಟೇಪ್ ಸುತ್ತಿ, ಸರಿಮಾಡುವವರೆಗೆ ಬಳಸಬೇಡಿ ಎಂದು ರೂಮಿನ ಹುಡುಗರಿಗೂ ಹೇಳಿ ಬಾ. ಕೆಲಸ ಕೈತಪ್ಪಿದರೆ ಪೀಣ್ಯದಲ್ಲಿ ನನಗೆ ಗೊತ್ತಿರುವ ಎರಡು ಮೂರು ಕಡೆ ಜನ ಬೇಕಾಗಿದ್ದಾರೆ, ಫೋನ್ ಮಾಡು.

ಇಂತಿ,
ನಿನ್ನ ಹಿತೈಷಿ